ಬ್ಲೌಸ್ ಪೀಸಿನ ಕೌಂಟರು ಇದ್ದ ಕಡೆ

ಹಂಪನಕಟ್ಟೆಯ ಹತ್ತಿರದ ಆ ಮೂರು ಮಾಳಿಗೆಯ ಅಂಗಡಿಯಲ್ಲಿ ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಕೆಳಗೆ ಚಪ್ಪಲಿ, ಕೊಡೆ, ಸೂಟ್‌ಕೇಸು. ನಡುವಿನ ಮಾಳಿಗೆಯಲ್ಲಿ ಸೀರೆ, ರೆಡಿಮೇಡ್. ಮೇಲೆ ಪಾತ್ರೆ, ಚಾದರ. ನನ್ನದು ನಡುವಿನ ಮಾಳಿಗೆಯ ಬ್ಲೌಸ್ ಪೀಸಿನ ಕೌಂಟರು. ಹೆಂಗಸರು ಸೀರೆ ತಂದರೆ ಅದಕ್ಕೆ ಹೊಂದುವ ಬಣ್ಣ ಹುಡುಕಿಕೊಡುವುದು ನನ್ನ ಕೆಲಸ. ಟ್ಯೂಬ್‌ಲೈಟನ್ನು ನಂಬಿದರೆ ಮರುದಿನ ಬೈಗುಳ ಖಂಡಿತ. ಆದ್ದರಿಂದ ಸೀರೆಯನ್ನೂ ಬಟ್ಟೆಯನ್ನೂ ಪಡುವಣದ ಕಿಟಕಿಗೆ ಒಯ್ದು ಹಗಲು ಬೆಳಕಿನಲ್ಲಿ ತೋರಿಸುತ್ತಿದ್ದೆ.

ಧಣಿಯನ್ನು ನಾವೆಲ್ಲ ಹಾಜಿಯವರು ಎನ್ನುತ್ತಿದ್ದೆವು. ಅವರು ತೀರಿಕೊಂಡ ಮೇಲೆ ವ್ಯಾಪಾರವೂ ಇಳಿಯಿತು, ಅಂಗಡಿ ಮುಚ್ಚಿತು. ಎರಡು ಮಳೆಗಾಲ ಕಟ್ಟಡಕ್ಕೆ ಬೀಗ ಬಿದ್ದಿತ್ತು. ಆಮೇಲೆ ಒಂದು ದಿನ ಅವರ ಮಗಳ ಫೋನು ಬಂತು. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದವಳು. ಚಿಕ್ಕವಳಿದ್ದಾಗ ನನ್ನ ಕೌಂಟರಿನ ಕೆಳಗೆ ಕೂತು ಬಟ್ಟೆ ತುಂಡುಗಳಲ್ಲಿ ಆಡಿದವಳು.

"ಅಕ್ಕ, ಅಂಗಡಿಯನ್ನು ಫ್ಲ್ಯಾಟ್ ಮಾಡ್ತಾ ಇದ್ದೇನೆ. ಕೆಡಹುವುದಿಲ್ಲ, ಒಳಗೆ ಮಾತ್ರ ಬದಲಾಯಿಸುವುದು. ನೀವೊಮ್ಮೆ ಬಂದು ನೋಡ್ತೀರಾ?"

"ನಾನು ಬಂದು ಎಂತ ಮಾಡುವುದು? ನನಗೆ ಪ್ಲಾನ್ ಎಲ್ಲ ಗೊತ್ತಾಗ್ತದಾ?"

"ನನಗೆ ಕಾಗದದಲ್ಲಿ ಗೊತ್ತುಂಟು. ಕಟ್ಟಡ ನಿಮಗೆ ಗೊತ್ತುಂಟು."

ಮಣ್ಣಗುಡ್ಡದ ಬಾಡಿಗೆ ಮನೆಯಿಂದ ಬಸ್ಸಿನಲ್ಲಿ ಹೋದೆ. ಒಳಗೆ ಕೌಂಟರುಗಳಿಲ್ಲ, ಕನ್ನಡಿಗಳಿಲ್ಲ. ನಡುವಿನ ಮಾಳಿಗೆ ಇಷ್ಟು ದೊಡ್ಡದಿತ್ತೇ ಎಂದು ಆಶ್ಚರ್ಯವಾಯಿತು. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಕೋಣೆಗಳನ್ನು ಗುರುತು ಮಾಡಿದ್ದರು. ಹಾಲ್, ಅಡುಗೆಕೋಣೆ, ಮಲಗುವ ಕೋಣೆ ಎಂದು ಅವಳು ಗೆರೆ ದಾಟುತ್ತಾ ತೋರಿಸಿದಳು. ಪಡುವಣದ ಕಿಟಕಿಯ ಹತ್ತಿರ ಬಂದಾಗ, "ಇಲ್ಲಿ ಬಾತ್‌ರೂಮ್. ಈ ಕಿಟಕಿ ಮುಚ್ತೇವೆ" ಎಂದಳು.

ನನಗೆ ತಡೆಯಲಾಗಲಿಲ್ಲ. "ಇದನ್ನು ಮುಚ್ಚಬೇಡಿ. ಈ ಮಾಳಿಗೆಯಲ್ಲಿ ಒಳ್ಳೆಯ ಬೆಳಕು ಇರುವುದು ಇಲ್ಲಿ ಮಾತ್ರ. ಪಕ್ಕದ ಕಟ್ಟಡ ಎದ್ದ ಮೇಲೆ ಬೇರೆ ಕಿಟಕಿಗಳೆಲ್ಲ ದಂಡ."

ಪೈಪುಗಳೆಲ್ಲ ಆ ಮೂಲೆಗೇ ಇಳಿಯುತ್ತವೆ, ಬದಲಾಯಿಸುವುದು ಕಷ್ಟ ಎಂದು ಜೊತೆಗಿದ್ದ ಮೇಸ್ತ್ರಿ ತಲೆ ಕೊಡವಿದ. ಅವಳು ಕಿಟಕಿಯ ಅಗಲವನ್ನು ಟೇಪಿನಲ್ಲಿ ಅಳೆದು ಬರೆದುಕೊಂಡಳು. ಅವನು ಕೆಳಗಿಳಿದ ಮೇಲೆ ಕೇಳಿದಳು: "ಅಕ್ಕ, ಅಪ್ಪ ಅಂಗಡಿಯಲ್ಲಿ ಹೇಗಿದ್ದರು? ಮನೆಯಲ್ಲಿ ಅವರದ್ದು ಮಾತೇ ಕಡಿಮೆ."

ಒಳ್ಳೆಯದನ್ನೇ ಹೇಳಿ ಮುಗಿಸಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ನನ್ನ ಹೆರಿಗೆಗೆ ಆಸ್ಪತ್ರೆಗೆ ಹೋದದ್ದು ಅವರ ಕಾರಿನಲ್ಲೇ. ಆದರೆ ಬರಿಯ ನೆಲದ ಮೇಲೆ ನಿಂತಿದ್ದಾಗ ಇನ್ನೊಂದೂ ಬಾಯಿಗೆ ಬಂತು.

"ಒಳ್ಳೆಯವರು. ಆದರೆ ನಮ್ಮನ್ನು ಕೂರಲಿಕ್ಕೆ ಬಿಡ್ತಿರಲಿಲ್ಲ. ಗಿರಾಕಿ ಇಲ್ಲದಿದ್ದರೂ ನಿಂತೇ ಇರಬೇಕು. ನನಗೆ ಏಳು ತಿಂಗಳು ಆಗಿದ್ದಾಗ ಒಂದು ದಿನ ಹಿಂದೆ ಇದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಿದ್ದೆ. ಅವರು ನೋಡಿದರು, ಎಂತದೂ ಹೇಳಲಿಲ್ಲ. ಮರುದಿನ ಪೆಟ್ಟಿಗೆ ಇರಲಿಲ್ಲ."

ಅವಳ ಮುಖ ಸಣ್ಣದಾಯಿತು. "ಸಾರಿ ಅಕ್ಕ."

"ನೀವು ಎಂತಕ್ಕೆ ಸಾರಿ ಹೇಳುವುದು ಮಾರಾಯ್ತಿ? ನೀವು ಆಗ ಹುಟ್ಟಿಯೇ ಇರಲಿಲ್ಲ."

ಇಬ್ಬರಿಗೂ ನಗು ಬಂತು. ಆದರೂ ಮನೆಗೆ ಬಂದ ಮೇಲೆ ಹೇಳಬಾರದಿತ್ತೇನೋ ಅನ್ನಿಸಿತು. ಸತ್ತವರ ಬಗ್ಗೆ ಅವರ ಮಗಳ ಹತ್ತಿರ ದೂರು ಹೇಳಿದ ಹಾಗಾಯಿತು. ಗಂಡನಿಗೆ ಹೇಳಿದೆ. ಪಣಂಬೂರು ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತರಾದವರು, ಮಾತು ಕಡಿಮೆ. "ಅವಳು ಕೇಳಿದಳು, ನೀನು ಹೇಳಿದೆ" ಎಂದು ಪೇಪರು ತಿರುವಿದರು.

ಏಳೆಂಟು ತಿಂಗಳು ಸುದ್ದಿಯಿಲ್ಲ. ಅಷ್ಟರಲ್ಲಿ ನಮ್ಮ ಮನೆಯ ಯಜಮಾನರು ಜಾಗ ಮಾರುತ್ತೇವೆ, ಬೇರೆ ಮನೆ ನೋಡಿಕೊಳ್ಳಿ ಎಂದರು. ನಾವು ಊರೆಲ್ಲ ಸುತ್ತುತ್ತಿದ್ದಾಗ ಅವಳ ಫೋನು ಬಂತು. ಬಾತ್‌ರೂಮನ್ನು ಹಿಂದಕ್ಕೆ ತಳ್ಳಿದ್ದಾಳೆ, ಅದರಿಂದ ಅಡುಗೆಕೋಣೆ ಇಕ್ಕಟ್ಟಾಗಿದೆ, ಕಿಟಕಿ ಹಾಲಿಗೆ ಉಳಿದಿದೆ. ನಮ್ಮ ಮನೆ ಹುಡುಕಾಟದ ಕಥೆ ಕೇಳಿ, "ಹಾಗಾದ್ರೆ ಇಲ್ಲಿಗೇ ಬನ್ನಿ ಅಕ್ಕ, ಬಾಡಿಗೆಗೆ" ಎಂದಳು.

ನಾನು ಕೂಡಲೇ ಒಪ್ಪಲಿಲ್ಲ. ಕಾಲು ನೋಯಿಸಿಕೊಂಡ ಜಾಗದಲ್ಲಿ ಮನೆ ಮಾಡುವುದೆಂದರೆ ಹೇಗೋ ಆಯಿತು. ಯಾವುದಕ್ಕೂ ಒತ್ತಾಯ ಮಾಡದ ಗಂಡ, "ನೋಡಿ ಬರುವ" ಎಂದು ಹೊರಡಿಸಿದರು. ಸಂಜೆ ನಾಲ್ಕು ಗಂಟೆ. ಹೊಸ ಬಣ್ಣದ ಖಾಲಿ ಹಾಲಿನಲ್ಲಿ ಬಿಸಿಲು ಅರ್ಧ ನೆಲದವರೆಗೆ ಬಂದಿತ್ತು. ಗಂಡ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತುಬಿಟ್ಟರು. ನಾನು ಸ್ವಲ್ಪ ಹೊತ್ತು ಬಾಗಿಲಲ್ಲೇ ಇದ್ದೆ. ಆಮೇಲೆ ಹೋಗಿ ಅವರ ಪಕ್ಕ ಕೂತೆ. ನಾನು ಹೆದರಿದಂತೆ, ಕೂಡಲೇ ಎದ್ದು ನಿಲ್ಲಬೇಕು ಎಂದು ಅನ್ನಿಸಲಿಲ್ಲ. ಕೆಳಗೆ ಸಿಟಿ ಬಸ್ಸಿನ ಕಂಡಕ್ಟರು ಕೂಗುವುದು ಕೇಳುತ್ತಿತ್ತು, ನೆಲ ತಣ್ಣಗಿತ್ತು.

ಮುಂದಿನ ತಿಂಗಳೇ ಬಂದೆವು. ಹೊಸ ಲಿಫ್ಟಿನಲ್ಲಿ ನಮ್ಮ ಹಲಸಿನ ಮರದ ಮಂಚ ಹಿಡಿಸಲಿಲ್ಲ. ಹಬ್ಬದ ಜನಜಂಗುಳಿಗೆಂದು ಕಟ್ಟಿಸಿದ ಹಳೆಯ ಅಗಲದ ಮೆಟ್ಟಿಲಿನಲ್ಲಿ ಆರಾಮವಾಗಿ ಮೇಲೆ ಬಂತು. ಅಡುಗೆಕೋಣೆಯಲ್ಲಿ ಇಬ್ಬರು ಒಟ್ಟಿಗೆ ನಿಲ್ಲಲಿಕ್ಕಾಗುವುದಿಲ್ಲ. ಮೊದಲ ಮಳೆಗೆ ಹಿಂದಿನ ಗೋಡೆ ಸ್ವಲ್ಪ ಒಸರಿತು, ಅವಳೇ ನಿಂತು ಸರಿಮಾಡಿಸಿದಳು. ಗಂಡನಿಗೆ ಹಾರ್ನಿನ ಸದ್ದು ಇನ್ನೂ ಆಗುವುದಿಲ್ಲ. ಆದರೆ ಬೆಳಿಗ್ಗೆ ಹಳೆ ಬಂದರಿನ ಮೀನಿನ ಧಕ್ಕೆಗೆ ನಡೆದೇ ಹೋಗಿ ಬಂಗುಡೆ ತರಬಹುದು ಎಂಬುದು ಅವರಿಗೆ ದೊಡ್ಡ ಸಮಾಧಾನ.