ಟೆಂಪ್ಲೇಟಿನ ಮೊದಲ ಸಾಲು

ನಾಗಮಣಿ, ಆ ಟೆಂಪ್ಲೇಟ್ ನಿನ್ನದು. ನನ್ನದಲ್ಲ — ಅದರ ಒಂದು ಸಾಲೂ ನನ್ನದಲ್ಲ. ಐದು ವರ್ಷ ಅದನ್ನು ನನ್ನದೆಂದು ಹೇಳಿಕೊಂಡು ನಂಜನಗೂಡಿನ ಕಾಲೇಜಿನಲ್ಲಿ ಸಂಬಳ ತಿಂದಿದ್ದೇನೆ, ಬೇರೆ ಕಾಲೇಜಿನವರಿಂದ ಶಾಲು ಹೊದೆಸಿಕೊಂಡಿದ್ದೇನೆ. ನಿನ್ನ ಎದುರಿಗೆ ನಿಂತು ಬಾಯಿಬಿಟ್ಟು ಹೇಳಲಾರದೆ ಹೀಗೆ ಬರೆಯುತ್ತಿದ್ದೇನೆ. ನಿನ್ನ ಮೇಷ್ಟ್ರು ಎಂಥವನು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ನೀನು ನನ್ನ ಬಳಿ ಡಿಪ್ಲೊಮಾ ಓದಿ, ಆಮೇಲೆ ಅದೇ ಲ್ಯಾಬಿಗೆ ಸಹಾಯಕಿಯಾಗಿ ಬಂದವಳು. ಕೊನೆಯ ವರ್ಷದ ಮಕ್ಕಳು ಮೊಬೈಲ್ ಆಪ್ ಮಾಡಬೇಕಿತ್ತು; ಅರ್ಧ ವರ್ಷ ಬರೀ ಹೊಂದಿಸುವುದರಲ್ಲೇ ಕಳೆದುಹೋಗುತ್ತಿತ್ತು. ಒಬ್ಬನದು ತೆರೆಯುವುದಿಲ್ಲ, ಇನ್ನೊಬ್ಬಳದರಲ್ಲಿ ಕನ್ನಡ ಅಕ್ಷರ ಒಡೆಯುತ್ತದೆ. ನಾನು ಅವರನ್ನು ಗದರಿಸುತ್ತಿದ್ದೆ, ಅಷ್ಟೇ. ನೀನು ಹಾಗಲ್ಲ. ಒಂದು ಬೇಸಿಗೆ ರಜೆಯಿಡೀ ನಿಮ್ಮೂರು ಹೆಡತಲೆಯಿಂದ ದಿನಾ ಬಸ್ಸಿನಲ್ಲಿ ಬಂದು, ಖಾಲಿ ಲ್ಯಾಬಿನಲ್ಲಿ ಕೂತು, ಯಾರು ಯಾವ ಆಪ್ ಮಾಡಿದರೂ ಅಲ್ಲಿಂದಲೇ ಶುರುಮಾಡಬಹುದಾದ ಒಂದು ಖಾಲಿ ಪ್ರಾಜೆಕ್ಟನ್ನು ಕಟ್ಟಿದೆ; ಅದೇ ಈ ಟೆಂಪ್ಲೇಟ್. ಲಾಗಿನ್ ಪುಟ, ಒಡೆಯದ ಕನ್ನಡ, ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುವ ಗುಣ — ಎಲ್ಲವನ್ನೂ ನಿಮ್ಮಪ್ಪನ ಹಳೇ ಫೋನಿನಲ್ಲಿ ಓಡಿಸಿ ನೋಡಿದ್ದೆ. ನನಗೆ ಅದು ಹೊಳೆದಿರಲೇ ಇಲ್ಲ.

ಒಂದೊಂದು ಫೋಲ್ಡರಿನಲ್ಲೂ ನೀನು ಮಕ್ಕಳಿಗೆಂದು ಒಂದೊಂದು ಚೀಟಿ ಟೈಪ್ ಮಾಡಿಟ್ಟಿದ್ದೆ. 'ಇದ್ರೊಳಗೆ ಬರೀ ಚಿತ್ರ ಮಡಗಿ. ಬ್ಯಾರೆದ್ದೆಲ್ಲ ತಂದು ತುಂಬಬ್ಯಾಡಿ.' ಮೊಟ್ಟಮೊದಲ ಫೈಲಿನ ಮೊದಲ ಸಾಲಿನಲ್ಲಿ, 'ಇದ ಮಾಡ್ದೋಳು ನಾಗಮಣಿ. ತಿಳೀದೆ ಇದ್ರೆ ಬಂದು ಕೇಳಿ.'

ಪ್ರತಿ ಜೂನಿನಲ್ಲಿ ಲ್ಯಾಬಿನ ಕಂಪ್ಯೂಟರುಗಳಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹೊಂದಿಸುವುದು ನಮ್ಮಲ್ಲಿನ ಪದ್ಧತಿ. ಆ ವರ್ಷ ಅದರ ಹಿಂದಿನ ದಿನ ನೀನು ಟೆಂಪ್ಲೇಟ್ ತುಂಬಿದ ಕೆಂಪು ಪೆನ್‌ಡ್ರೈವ್ ತಂದುಕೊಟ್ಟೆ.

"ನೀವೇ ಮಡಿಕ್ಕೊಳಿ ಸಾ. ನಮ್ಮನೇಲಿ ಕಂಪ್ಯೂಟ್ರಿಲ್ಲ, ಎಲ್ಲಾದ್ರೂ ಕಳ್ದೋಯ್ತದೆ."

ಕಳೆದುಹೋಗಬಾರದೆಂದು ನನ್ನ ಕೈಗೆ ಕೊಟ್ಟೆ. ನನ್ನ ಕೈಗೆ!

ಮನೆಗೆ ಒಯ್ದು ತೆರೆದು ನೋಡಿದೆ. ಹೊಟ್ಟೆ ಉರಿಯಿತು — ಸುಳ್ಳೇಕೆ ಹೇಳಲಿ. ಇಪ್ಪತ್ತು ವರ್ಷ ಪಾಠ ಮಾಡಿದವನು ಇದನ್ನು ಮಾಡಿರಲಿಲ್ಲ. ಆಮೇಲೆ ನಿನ್ನ ಚೀಟಿಗಳ ಕನ್ನಡ ಕಣ್ಣಿಗೆ ಬಿತ್ತು. ನಾನು ಸೋಸಲೆಯವನು, ಮಠದ ನೆರಳಿನಲ್ಲಿ ಬೆಳೆದು ಸಂಸ್ಕೃತ ಬಾಯಿಪಾಠ ಮಾಡಿದವನು. ಕಾಲೇಜಿನ ಕೆಲಸಕ್ಕೆ ಈ ಹಳ್ಳಿ ಭಾಷೆಯೇ ಎಂದುಕೊಂಡು ತಿದ್ದಲು ಕೂತೆ. 'ಈ ಕೋಶದಲ್ಲಿ ಚಿತ್ರಗಳನ್ನು ಮಾತ್ರ ಇರಿಸತಕ್ಕದ್ದು.' ಒಂದೊಂದೇ ಚೀಟಿ ತಿದ್ದುತ್ತಾ ಹೋದಂತೆ ಅದು ನನ್ನದಾಗುತ್ತಾ ಬಂತು, ಅಥವಾ ಹಾಗೆಂದು ನನ್ನನ್ನು ನಾನೇ ನಂಬಿಸಿಕೊಂಡೆ. ಕೊನೆಗೆ ಉಳಿದದ್ದು ನಿನ್ನ ಹೆಸರಿನ ಸಾಲು. ಅದನ್ನೂ 'ತಿದ್ದಿದೆ'.

ಯಾವ ಸಾಲನ್ನು ಯಾರು ಯಾವತ್ತು ಬರೆದರೆಂಬ ದಾಖಲೆಯೂ ಆ ಪೆನ್‌ಡ್ರೈವಿನಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು ಬರಿಯ ಫೈಲುಗಳನ್ನಷ್ಟೇ ಕಾಲೇಜಿಗೆ ಒಯ್ದೆ. ತಿಳಿಯದೆ ಆದ ತಪ್ಪಲ್ಲ ಇದು. ಏನು ಬಿಡಬೇಕು, ಏನು ಒಯ್ಯಬೇಕು — ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಸೇರಿದ ಮಕ್ಕಳು ಕಡಿಮೆ. ನಾವಿಬ್ಬರೂ ಖಾಯಂ ಅಲ್ಲದವರು. ಒಬ್ಬರನ್ನೇ ಉಳಿಸಿಕೊಳ್ಳುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿ ಕೇಳಿದರು. "ಆ ಟೆಂಪ್ಲೇಟ್ ಕಮಿಟಿಯವರಿಗೆ ಹಿಡಿಸಿದೆ ಕಣ್ರೀ. ಯಾರು ಮಾಡಿದ್ದು?"

ನೀನು ನನ್ನ ಮುಖ ನೋಡಿದೆ. ಮೇಷ್ಟ್ರು ತಾವಾಗಿ ಹೇಳುತ್ತಾರೆ ಎಂದು ಕಾದೆ. ನಿನ್ನನ್ನು ನೀನೇ ಹೊಗಳಿಕೊಳ್ಳುವುದು ಮರ್ಯಾದೆಯಲ್ಲ ಎಂದು ಕಲಿಸಿದವನೂ ನಾನೇ ಅಲ್ಲವೇ.

"ನಾನು ಮಾಡಿದ್ದು ಸಾರ್. ನಾಗಮಣಿ ಟೈಪ್ ಮಾಡಿಕೊಟ್ಟರು."

ಟೈಪ್ ಮಾಡಿಕೊಟ್ಟರು! ಸುಮ್ಮನೆ 'ನಾನು' ಎಂದಿದ್ದರೂ ಸಾಕಿತ್ತು. ಪ್ರಿನ್ಸಿಪಾಲರು ನಿನ್ನತ್ತ ತಿರುಗಿ "ಹೌದೇನಮ್ಮ?" ಎಂದರು. ನೀನು ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ.

"ಮೇಷ್ಟ್ರು ಏಳಿದ್ಮೇಲೆ ಮುಗೀತಲ್ಲ ಸಾ."

ಈಗ ನೀನು ನರಸೀಪುರದ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿಯಲ್ಲಿ ಕೂತು ಯಾರ್ಯಾರದೋ ಪಿಂಚಣಿ ಅರ್ಜಿ ತುಂಬುತ್ತೀಯ. ನಾನು ದಿನಾ ಸೋಸಲೆಯಿಂದ ಬಂದು ಅಲ್ಲೇ ನಂಜನಗೂಡಿನ ಬಸ್ಸು ಹಿಡಿಯುತ್ತೇನೆ. ನಿನ್ನ ಅಂಗಡಿ ಕಾಣದ ಕಡೆಯ ಸೀಟೇ ಹುಡುಕಿ ಕೂರುತ್ತೇನೆ. ಒಂದು ದಿನ ಸಿಕ್ಕಿಬಿದ್ದೆ. ನೀನು ಎದ್ದು ನಿಂತು "ಚೆನ್ನಾಗಿದ್ದೀರಾ ಸಾ?" ಎಂದೆ. ಬೈದಿದ್ದರೆ... ಇಲ್ಲ, ಅದನ್ನು ಬಯಸುವ ಯೋಗ್ಯತೆಯೂ ನನಗಿಲ್ಲ.

ಕಳೆದ ವಾರ ತರಗತಿಯಲ್ಲಿ ಹದಿನಾರು ಎಂಬ ಊರಿನ ಒಬ್ಬ ಹುಡುಗಿ ಕೈಯೆತ್ತಿದಳು. ಯಾರೂ ತೆರೆಯದ ಯಾವುದೋ ಒಳ ಫೋಲ್ಡರಿನಲ್ಲಿ, ನಾನು ತಿದ್ದಲು ಮರೆತ ನಿನ್ನದೊಂದು ಚೀಟಿ ಉಳಿದುಬಿಟ್ಟಿತ್ತು. ಗಟ್ಟಿಯಾಗಿ ಓದಿದಳು: 'ಕೈ ಇಕ್ಕೋಕ್ ಮುಂಚೆ ಒಂದ್ ಕಾಪಿ ಮಡಿಕ್ಕೊಳ್ರಪ್ಪ. ಆಮೇಲ್ ಅತ್ಕಂಡ್ರೆ ನಾನ್ ಬರಕ್ಕಿಲ್ಲ.' ತರಗತಿಯೆಲ್ಲ ನಕ್ಕಿತು.

"ಸಾ, ಇದ ನೀವ್ ಬರ್ದಿಲ್ಲ ಬುಡಿ. ನಮ್ಮವ್ವ ಮಾತಾಡ್ದಂಗದೆ. ಯಾರ್ ಸಾ ಅವ್ರು?"

ಆಗ ಹೇಳಬಹುದಿತ್ತು. ಮೂವತ್ತು ಮಕ್ಕಳ ಎದುರು, ಒಂದು ಹೆಸರು. "ಯಾವುದೋ ಹಳೇದಮ್ಮ, ಅಳಿಸಿಹಾಕು" ಎಂದೆ. ಅಳಿಸಿದಳು. ಮೊದಲ ಸಲ ಖುದ್ದು ಕದ್ದೆ. ಈ ಸಲ ಏನೂ ಅರಿಯದ ಆ ಹುಡುಗಿಯ ಕೈಯಿಂದ ಮಾಡಿಸಿದೆ.

ಕೆಂಪು ಪೆನ್‌ಡ್ರೈವ್ ಇನ್ನೂ ನನ್ನ ಬಳಿಯೇ ಇದೆ. ನೀನು ಬರೆದ ಒಂದೊಂದು ಸಾಲೂ, ಬರೆದ ದಿನದ ಸಮೇತ, ಅದರಲ್ಲಿದೆ. ನಿನ್ನ ಚೀಟಿಗಳನ್ನೆಲ್ಲ ನಿನ್ನ ಮಾತಿನಲ್ಲೇ ಕಾಲೇಜಿನ ಟೆಂಪ್ಲೇಟಿಗೆ ಮರಳಿ ಹಾಕಿದ್ದೇನೆ; ಮೊದಲ ಸಾಲಿನಲ್ಲಿ ಮತ್ತೆ ನೀನಿದ್ದೀಯ. ಇದರಿಂದ ನಿನ್ನ ಐದು ವರ್ಷ ವಾಪಸ್ ಬರುವುದಿಲ್ಲ. ಕ್ಷಮಿಸು ಎಂದು ಕೇಳಿದರೆ ನೀನು ಮೇಷ್ಟ್ರೆಂದು ಕ್ಷಮಿಸಿಬಿಡುತ್ತೀಯ, ಅದಕ್ಕೇ ಕೇಳುವುದಿಲ್ಲ.

ಈ ಬರಹವೂ ಅದೇ ಪೆನ್‌ಡ್ರೈವಿನಲ್ಲಿದೆ. ನಾಳೆ ಬೆಳಿಗ್ಗೆ ನಿನ್ನ ಅಂಗಡಿಗೇ ಬಂದು, ಪ್ರಿಂಟ್ ತೆಗೆದುಕೊಡು ಎಂದು ಕೊಡುತ್ತೇನೆ. ಎರಡು ಪ್ರತಿ. ಒಂದನ್ನು ಅಲ್ಲೇ ಸಹಿ ಹಾಕಿ ಪ್ರಿನ್ಸಿಪಾಲರಿಗೆ ಒಯ್ಯುತ್ತೇನೆ. ಇನ್ನೊಂದನ್ನೂ ಪೆನ್‌ಡ್ರೈವನ್ನೂ ನೀನೇ ಇಟ್ಟುಕೋ — ಇನ್ನು ಯಾವ ಮೇಷ್ಟ್ರ ಕೈಗೂ ಕೊಡಬೇಡ.