ಹಾರ್ನ್ ಕೇಳಿ ಹಿಂದಕ್ಕೆ ಓಡಿದವಳು

ಕೋವಿಡ್ ಮುಗಿದ ಮರುವರ್ಷ ನಾನು ಅರಕಲಗೂಡು ತಾಲ್ಲೂಕಿನ ಒಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಟಿಪ್ಪರ್ ಓಡಿಸುವವರನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ನಿವೃತ್ತನಾದ ಮೇಲೂ ಆಗುವುದಿಲ್ಲ. ಬ್ರೇಕಿನ ಕೆಲಸವನ್ನೆಲ್ಲ ಹಾರ್ನಿಗೆ ವಹಿಸಿಬಿಟ್ಟಿರುತ್ತಾರೆ.

ಒಂದು ಬೆಳಿಗ್ಗೆ ಕೊಣನೂರು ರಸ್ತೆಯಲ್ಲಿ ಜಯಮ್ಮ ಎಂಬ ಹೆಂಗಸು ಹಾಲಿನ ಕ್ಯಾನ್ ಹಿಡಿದು ಡೇರಿ ಕಡೆಗೆ ದಾಟುತ್ತಿದ್ದಳು. ಮುಕ್ಕಾಲು ಭಾಗ ದಾಟಿಯೂ ಆಗಿತ್ತು. ಟಿಪ್ಪರ್ ಓಡಿಸಿಕೊಂಡು ಬಂದ ಮಂಜ ವೇಗ ತಗ್ಗಿಸದೆ ಹಾರ್ನ್ ಬಾರಿಸಿದ. ಮುಂದೆ ಹೋಗಿದ್ದರೆ ಬಚಾವಾಗುತ್ತಿದ್ದಳು. ಆದರೆ ಬಂದ ಕಡೆಗೇ ತಿರುಗಿ ಓಡಿದಳು. ಬಂಪರ್ ಬಡಿದು ಕಾಲು ಮುರಿಯಿತು.

ಹೇಳಿಕೆ ಪಡೆಯಲು ಹಾಸನದ ಆಸ್ಪತ್ರೆಗೆ ಹೋದರೆ ಗಂಡ ಚಂದ್ರಣ್ಣ ಮಂಚದ ಪಕ್ಕದಲ್ಲೇ ನಿಂತು ಬೈಯುತ್ತಿದ್ದ. "ಎಮ್ಮೆನಾದ್ರೂ ಮುಂದಕ್ಕೋಯ್ತದೆ ಸಾ. ಇವ್ಳಿಗೆ ಅಷ್ಟೂ ಬುದ್ಧಿ ಇಲ್ಲ ಕಣ."

ಮಂಜ ಅವನ ದಾಯಾದಿ. ಇಬ್ಬರೂ ಊರಿನ ದೊಡ್ಡವರನ್ನು ಕೂರಿಸಿಕೊಂಡು, ತಪ್ಪು ಹೆಂಗಸಿನದೇ ಎಂದು ಆಗಲೇ ತೀರ್ಮಾನ ಮಾಡಿದ್ದರು. ಜಯಮ್ಮ ಗೋಡೆಯ ಕಡೆ ಮುಖ ಮಾಡಿ, "ನಂದೇ ತಪ್ಪು ಅಂತ ಬರ್ಕಳಿ ಸಾ" ಅಂದಳು. ಬರೆದಿದ್ದರೆ ಕೇಸು ಮುಗಿಯುತ್ತಿತ್ತು, ದಡ್ಡಿ ಎಂಬ ಹೆಸರು ಮಾತ್ರ ಅವಳಿಗೆ ಜೀವಮಾನಕ್ಕೆ ಅಂಟುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಬರೆಯದೆ ಎದ್ದು ಬಂದೆ.

ಮಾರನೆಯ ದಿನ ಸ್ಥಳ ಮಹಜರು, ಅಂದರೆ ಅಪಘಾತ ನಡೆದ ಜಾಗವನ್ನು ಪಂಚರ ಮುಂದೆ ನೋಡಿ ಬರೆದುಕೊಳ್ಳುವುದು. ಚಂದ್ರಣ್ಣನೂ ಊರಿನ ದೊಡ್ಡವರೂ ಡೇರಿ ಜಗಲಿಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದರು. "ಇವ್ರಿಗೆ ಬ್ಯಾರೆ ಕ್ಯಾಮೆ ಇಲ್ವಾ" ಎಂದು ಒಬ್ಬ ನನಗೆ ಕೇಳಲೆಂದೇ ಅಂದ. ನಾನು ಎರಡೂ ಕಡೆ ಸಂಚಾರ ನಿಲ್ಲಿಸಿ, ಮಂಜನ ಕೈಗೆ ಖಾಲಿ ಕ್ಯಾನ್ ಕೊಟ್ಟು, ಅವಳು ದಾಟಿದ ಹಾಗೆ ದಾಟಿ ತೋರಿಸು ಅಂದೆ. ಅವನು ಮುಕ್ಕಾಲು ದಾಟುತ್ತಲೇ, ನಿಂತೇ ಇದ್ದ ನಮ್ಮ ಜೀಪಿನ ಹಾರ್ನ್ ಒತ್ತಿಸಿದೆ. ಮಂಜ ಕ್ಯಾನ್ ಎಸೆದು, ಹೊರಟ ಕಡೆಗೇ ಓಡಿ ಚರಂಡಿ ಪಕ್ಕ ನಿಂತ.

"ಮುಂದಕ್ಕೆ ಯಾಕಪ್ಪ ಹೋಗಲಿಲ್ಲ?"

"ಗೊತ್ತಿಲ್ಲ ಸಾ. ಕಾಲು ತಾವಾಗೇ ಇಂದಕ್ಕೋದ್ವು."

ನಡೆಯುವವನು ಗಾಬರಿಯಾದಾಗ ಲೆಕ್ಕ ಹಾಕುವುದಿಲ್ಲ. ಈಗಷ್ಟೇ ನಿಂತಿದ್ದ ಜಾಗವೇ ಕ್ಷೇಮ ಎಂದು ಮೈ ನಂಬುತ್ತದೆ. ಇಷ್ಟು ಗೊತ್ತಿಲ್ಲದವನು ಸ್ಟೇರಿಂಗ್ ಮುಟ್ಟಬಾರದು ಎಂಬುದೇ ನನ್ನ ಕೆಲಸ ನನಗೆ ಕಲಿಸಿದ ಪಾಠ. ಮಂಜನ ಮೇಲೆ ಅಜಾಗರೂಕ ಚಾಲನೆಯ ಚಾರ್ಜ್‌ಶೀಟ್ ಹಾಕಿದೆ. ಚಂದ್ರಣ್ಣ ನನ್ನ ಜೊತೆ ಮಾತು ಬಿಟ್ಟ, ನನಗೇನೂ ನಷ್ಟವಾಗಲಿಲ್ಲ.

ಮಹಜರು ಮುಗಿಸಿದ ಸಂಜೆಯೇ ಆಸ್ಪತ್ರೆಗೆ ಹೋಗಿ, ನಡೆದದ್ದನ್ನು ಜಯಮ್ಮನಿಗೆ ಹೇಳಿದೆ. ಗಂಡ ಬಾಗಿಲಲ್ಲಿ ನಿಂತಿದ್ದ.

"ಅವ್ನೂ ಇಂದಕ್ಕೇ ಓಡುದ್ನಾ ಸಾ?"

"ಕ್ಯಾನ್ ಎಸೆದು ಓಡಿದ."

ಅವಳು ಗೋಡೆ ಬಿಟ್ಟು ಗಂಡನ ಕಡೆ ತಿರುಗಿದಳು. "ನಾನು ಕ್ಯಾನ್ ಬಿಟ್ಟಿರ್ನಿಲ್ಲ" ಅಂದಳು. "ಈಗ ಬರ್ಕಳಿ ಸಾ."