ಹೊಲಿಗೆ ಅಕ್ಕನ ಪ್ಲೇಟು

ಮೊನ್ನೆ ಪಾರ್ಸೆಲ್ ಕಳಿಸಲು ಅಂಚೆ ಕಚೇರಿಗೆ ಹೋಗಿದ್ದೆ. ಅಲ್ಲಿ ಮುದ್ರೆಯೊತ್ತಲು ಅರಗು ಕಾಯಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೌಂಟರಿನ ಅಂಚು ಹಿಡಿದುಕೊಂಡೆ. ಇಷ್ಟು ವರ್ಷವಾದರೂ! ಮೊಮ್ಮಗಳು ಹೆದರಿ ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು. ಸುಂಟಿಕೊಪ್ಪದ ಹೊಲಿಗೆ ಅಕ್ಕನ ಅಡಿಗೆಮನೆಯಲ್ಲಿ ಒಂದು ದಿನ ಇಂಥದೇ ವಾಸನೆ ಎದ್ದಿತ್ತು ಎಂದು ಅವಳಿಗೆ ಹೇಗೆ ಹೇಳಲಿ?

ನಾನಾಗ ಹಾಸನದ ಕಡೆಯಿಂದ ಮದುವೆಯಾಗಿ ಬಂದ ಹೊಸತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿಯೂ ಹೆಚ್ಚು ಕಾಲವಾಗಿರಲಿಲ್ಲ. ಪಕ್ಕದ ಮನೆಯಲ್ಲಿ ಅಕ್ಕ ಒಬ್ಬರೇ ಇದ್ದರು. ಎಸ್ಟೇಟಿನ ಹೆಂಗಸರಿಗೆಲ್ಲ ರವಿಕೆ ಹೊಲಿದು ಬದುಕುತ್ತಿದ್ದರು. ಗಂಡ ನಾಟಕ ಕಂಪನಿಯ ಹಾಡುಗಾರ. ಕಂಪನಿಯ ಜೊತೆ ಹೋದವರು ಮೊದಲು ವಾರಕ್ಕೊಂದು ಕಾಗದ ಬರೆದರಂತೆ, ಆಮೇಲೆ ಹಬ್ಬಕ್ಕೊಂದು, ಆಮೇಲೆ... ಮನೆಯಲ್ಲಿ ಉಳಿದದ್ದು ಒಂದು ಗ್ರಾಮಫೋನು, ಅವರು ಹಾಡಿದ ಒಂದೇ ಒಂದು ಪ್ಲೇಟು.

ದಿನಾ ದೀಪ ಹಚ್ಚಿದ ಮೇಲೆ ಅಕ್ಕ ಅದನ್ನು ಹಾಕುತ್ತಿದ್ದರು. ಹೊಳೆಯಾಚೆ ಹೋದ ಹುಡುಗಿಗಾಗಿ ಒಬ್ಬ ಕಾದೂ ಕಾದೂ ಸೊರಗುವ ಹಾಡು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಹಾಡುವವನು ಅವನು, ಕಾಯುವವಳು ಇವಳು! ಆದರೆ ಆ ದನಿ... ಅದನ್ನು ಬೈಯಲು ಬಾಯಿ ಬರುತ್ತಿರಲಿಲ್ಲ. ಉಕ್ಕಿನ ಸೂಜಿಯಿಂದ ಪ್ಲೇಟು ಸವೆದು ದನಿ ಮಸುಕಾಗುತ್ತದೆಂದು ಅಕ್ಕ ಹಿತ್ತಲ ಕಿತ್ತಳೆ ಗಿಡದ ಮುಳ್ಳನ್ನು ಒಣಗಿಸಿ, ಚೂಪು ಮಾಡಿ, ಅದನ್ನೇ ಸೂಜಿಯಾಗಿ ಸಿಕ್ಕಿಸುತ್ತಿದ್ದರು.

"ಉಕ್ಕು ಗೀರುತ್ತೆ ಕಣೆ. ಮುಳ್ಳಾದರೆ ಸವರುತ್ತೆ" ಎನ್ನುತ್ತಿದ್ದರು. ಅಂಥ ಜೋಪಾನ!

ಒಂದು ಭಾನುವಾರ ರವಿಕೆಯ ಅಳತೆ ಕೊಡಲು ಹೋಗಿದ್ದೆ. ಕೊರಳಿಗೆ ಮಫ್ಲರ್ ಸುತ್ತಿದ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ಅಕ್ಕನ ಕೈಯಿಂದ ಟೇಪು ಜಾರಿತು. ಬಂದೇಬಿಟ್ಟರಲ್ಲ ಗಂಡ! ನನಗೆ ಕುಣಿಯುವಷ್ಟು ಖುಷಿ.

ಅವರು "ಹೇಗಿದ್ದೀಯೆ" ಎಂದೂ ಕೇಳಲಿಲ್ಲ. ಒಡೆದ ಗಂಟಲಲ್ಲಿ, "ಪ್ಲೇಟು ಇದೆಯೇನೆ? ನನ್ನ ಹತ್ರ ಇದ್ದದ್ದು ಒಡೆದುಹೋಯ್ತು. ಗಂಟಲು ಕೆಟ್ಟಿದೆ, ನಾನು ಹಾಡ್ತಿದ್ದೆ ಅಂದ್ರೆ ಯಾರೂ ನಂಬ್ತಾ ಇಲ್ಲ. ಹೊಸ ಕಂಪನಿಯೋರಿಗೆ ಕೇಳಿಸ್ಬೇಕು. ಮಧ್ಯಾಹ್ನದ ಬಸ್ಸಿಗೇ ಹೊರಡ್ಬೇಕು" ಎಂದರು.

ಎಲಾ ಇವನ!

"ಇದೆ. ಕೂತ್ಕೊಳ್ಳಿ, ತರ್ತೀನಿ" ಎಂದು ಅಕ್ಕ ಪ್ಲೇಟು ಹಿಡಿದು ಅಡಿಗೆಮನೆಗೆ ಹೋದರು. ಹಿಂದೆಯೇ ಹೋಗಿ ನೋಡುತ್ತೇನೆ, ಕುದಿಯುವ ನೀರಿನ ಅಗಲ ಪಾತ್ರೆಗೆ ಅದನ್ನು ಇಳಿಬಿಟ್ಟಿದ್ದಾರೆ! ಆಗಿನ ಪ್ಲೇಟುಗಳು ಅರಗಿನವು, ಅಡಿಗೆಮನೆಯೆಲ್ಲ ಅದೇ ವಾಸನೆ. ಬೇಡವಾದವನ್ನು ಹಾಗೆ ಮೆತ್ತಗೆ ಮಾಡಿ ಬಟ್ಟಲು ಮಾಡುವುದು ಇತ್ತು. ಆದರೆ ಇದನ್ನೇ?

"ಅಕ್ಕಾ, ನಿಮಗೇನು ಹುಚ್ಚಾ!"

"ಒಲೆಗೆ ಅಡ್ಡ ನಿಲ್ಬೇಡ, ಸರಿ ಆ ಕಡೆ" ಎಂದರು.

ಇಕ್ಕಳದಲ್ಲಿ ಎತ್ತಿ, ಕವುಚಿಟ್ಟ ಬೋಗುಣಿಯ ಮೇಲೆ ಹೊದಿಸಿ, ರವಿಕೆಯ ಬುಗ್ಗೆ ಕೈಗೆ ನೆರಿಗೆ ಹಿಡಿಯುವ ಹಾಗೆ ಅಂಚನ್ನು ಬರಿಗೈಯಲ್ಲೇ ಹಿಡಿದು ಒತ್ತಿದರು. ಬೆರಳುಗಳು ಕೆಂಪಗೆ ಬೆಂದವು. ತಣ್ಣೀರು ಎರೆದು, ಒರೆಸಿ, ಅದರ ತುಂಬ ಕಿತ್ತಳೆ ಹಣ್ಣು ಹಾಕಿ ತಂದು ಅವರ ಮುಂದಿಟ್ಟರು.

"ತಿನ್ನಿ. ಬಟ್ಟಲೂ ತಗೊಂಡು ಹೋಗಿ, ಅದೂ ನಿಮ್ಮದೇ."

ಹಣ್ಣು ಎತ್ತಿದಾಗ ಅವರಿಗೆ ಬಟ್ಟಲಿನ ತಳದಲ್ಲಿ, ಪ್ಲೇಟಿನ ನಡುವೆ ಅಂಟಿಸಿದ್ದ ತಮ್ಮದೇ ಹೆಸರಿನ ಚೀಟಿ ಕಂಡಿತು. ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ... ಹಣ್ಣುಗಳನ್ನೆಲ್ಲ ಒಂದೊಂದಾಗಿ ಕೆಳಗಿಟ್ಟರು. ಬಟ್ಟಲನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ನಡೆದರು. ಅಕ್ಕ ನೆಲದ ಮೇಲಿದ್ದ ಟೇಪು ಎತ್ತಿಕೊಂಡು, "ಎಲ್ಲಿ, ಕೈ ಎತ್ತು" ಎಂದು ನನ್ನ ಅಳತೆ ತೆಗೆದರು.

ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಗಾಬರಿ ಇಳಿದ ಮೇಲೆ, ಸರಿಯಾಗಿಯೇ ಮಾಡಿದರು ಅಂದುಕೊಂಡು ಬಹಳ ಕಾಲ ಹೆಮ್ಮೆಪಟ್ಟಿದ್ದೆ. ಈಗ ನನ್ನ ಯಜಮಾನರೂ ಇಲ್ಲ. ಗೋಡೆಯ ಮೇಲೆ ಫೋಟೋ ಇದೆ, ಮುಖ ದಿನಾ ಕಾಣುತ್ತದೆ. ದನಿ ಮಾತ್ರ ನೆನಪಿಗೆ ಬರುತ್ತಿಲ್ಲ. ಬೆಳಿಗ್ಗೆ ಎದ್ದು "ಲೇ, ಕಾಫಿ" ಎನ್ನುತ್ತಿದ್ದರಲ್ಲ, ಅದೂ ಬರುತ್ತಿಲ್ಲ... ಅಯ್ಯೋ ಅಕ್ಕಾ, ಕೈಯಲ್ಲಿದ್ದ ದನಿಯನ್ನು ಕುದಿಯುವ ನೀರಿಗೆ ಹಾಕಲು ನಿಮಗೆ ಹೇಗೆ ಮನಸ್ಸು ಬಂತು?